ನಾಲ್ಕನೇ ನಂಬರ್

ಏಳು ವರ್ಷ, ಆರು ಕಪ್ಪು.
ಒಂದು ವರ್ಷ ಪಂದ್ಯವೇ ನಡೆಯಲಿಲ್ಲ,
ನಡೆದಿದ್ದರೆ ಅದೂ ಅವರದೇ.

ಕಾಗದದ ಮೇಲೆ ನಾವೇ ಗಟ್ಟಿ,
ಅವರು ಬರೀ ಕಾಗದನಗರದವರು
ಅಂತ ಮೊದಮೊದಲು ನಗುತ್ತಿದ್ದೆವು
ಗಾಂಧಿಬಜಾರಿನ ನನ್ನ ಅಂಗಡಿ ಕಟ್ಟೆಯಲ್ಲಿ ಕೂತು.
ಈಗ ಆ ಮಾತಿಗೆ ಟೀ ಕೂಡ ಹುಟ್ಟುವುದಿಲ್ಲ.

ಅಂಪೈರ್ ಅವರಿಗೆ ನೆಂಟ, ಅಂದ ಸಿಬ್ಗತ್.
ನೀರಿನ ಗುಣ ಕಣ್ರೋ, ಅಂದರು ಗುತ್ಯಪ್ಪನವರು,
ತುಂಗೆಯ ಸಿಹಿ ಕುಡಿದು ಕುಡಿದು ನಾವು ಮೆತ್ತಗಾದೆವು.
ದುಡ್ಡು, ಅಂದಿತು ಕಮಿಟಿ.
ಎತ್ತಿದೆವು. ಹರಿಯಾಣದಿಂದ ಒಬ್ಬ ರೈಡರ್ ಬಂದ,
ದಿನಕ್ಕೆ ಹನ್ನೆರಡು ಮೊಟ್ಟೆ, ಎರಡು ಸೇರು ಹಾಲು,
ಯಾರ ಜೊತೆಗೂ ಮಾತಿಲ್ಲ.
ಪ್ರತಿ ವರ್ಷ ಹೊಸ ಜೆರ್ಸಿ; ಹೊಲಿದವನು ನಾನೇ:
ಎದೆಗೆ ಜವಳಿ ಅಂಗಡಿ, ಬೆನ್ನಿಗೆ ಬೋರ್‌ವೆಲ್ ಕಂಪನಿ,
ತೋಳಲ್ಲಿ ಜಾಗ ಉಳಿಯಿತೆಂದು ಒಂದು ಬೇಕರಿ.

ಹೋಗಿ ನೋಡಿ ಬಾ, ಗುಟ್ಟು ಏನು ಅಂತ,
ಟೈಲರ್ ಅಂದರೆ ಯಾರೂ ಅನುಮಾನ ಪಡುವುದಿಲ್ಲ,
ಅಂದರು. ಭದ್ರಾವತಿ ಬಸ್ಸು ಹತ್ತಿದೆ.

ಹೊಗೆ ಬಿಡದ ಚಿಮಣಿ. ಸೈರನ್ ಮರೆತ ಊರು.
ನೀರಿನ ಟ್ಯಾಂಕಿನ ಹಿಂದೆ ಕುಕ್ಕರಗಾಲಲ್ಲಿ ಕೂತು ನೋಡಿದೆ.
ಹಿಂದಿನ ದಿನ ತಾನೆ ಗೆದ್ದಿದ್ದರು ತರೀಕೆರೆಯಲ್ಲಿ;
ಹಾರ ಇಲ್ಲ, ಪಟಾಕಿ ಇಲ್ಲ,
ಸೆಲ್ವಮಣಿ ಮೇಸ್ಟ್ರು ಜರಡಿ ಹಿಡಿದು
ಅಂಕಣದ ಮಣ್ಣು ಸೋಸುತ್ತಿದ್ದರು.
ಒಂದು ಕಲ್ಲು ಸಿಕ್ಕಿತು. ಹುಣಸೆಬೀಜದಷ್ಟು.
ಅದನ್ನು ಎಲ್ಲರ ಅಂಗೈಗೂ ಇಟ್ಟು ದಾಟಿಸಿದರು,
ಕೊನೆಯವನು ಬೇಲಿಯಾಚೆ ಎಸೆದ.
ಇಷ್ಟೇ ಆ ದಿನದ ಭಾಷಣ.

ಎಡ ಮೂಲೆಯಲ್ಲಿ ಯಾರು?
ಮಂಡಿ ಹೋಯಿತು, ಮುದುಕ, ಅಂತ ನಾವು ಬಿಟ್ಟ ತಿಪ್ಪೇಶ ನಾಯ್ಕ.
ಹದಿನಾರರ ಹುಡುಗನೊಬ್ಬನ ಮಣಿಕಟ್ಟು ಹಿಡಿದು
ಹೇಳುತ್ತಿದ್ದ, ಬೈಯುತ್ತಿರಲಿಲ್ಲ:
"ಅವನ ಕಣ್ಣು ನೋಡಬೇಡ, ಹಿಮ್ಮಡಿ ನೋಡು.
ನಾ ಬಿದ್ದರೆ ನೀ ಬೀಳು. ಕೈ ಮಾತ್ರ ಬಿಡಬೇಡ."
ನಮ್ಮಲ್ಲಿ ಒಂಬತ್ತು ವರ್ಷ ಆಡಿದವನು.
ಒಂದು ದಿನ ಕೇಳಿದ್ದೆವಾ ಅವನಿಗೆ ಏನು ಗೊತ್ತು ಅಂತ?

"ಗಾಂಧಿಬಜಾರ್ ಟೈಲರ್ ಅಲ್ವಾ ನೀವು?"
ಬೆನ್ನ ಹಿಂದೆ ಅದೇ ಹುಡುಗ.
ಸಿಕ್ಕಿಬಿದ್ದೆ ಅಂದುಕೊಂಡೆ.
ಅವನು ಮೈಮೇಲಿದ್ದ ಜೆರ್ಸಿ ಬಿಚ್ಚಿ ಕೊಟ್ಟ.
"ಹೆಗಲು ಬಿಟ್ಟಿದೆ. ಹೊಲಿದು ಕೊಡ್ತೀರಾ?"

ಬಟ್ಟೆ ಓದುವುದು ನನ್ನ ಕಸುಬು.
ನಾಲ್ಕನೇ ನಂಬರ್.
ಕಪ್ಪು ದಾರ, ಕೈಹೊಲಿಗೆ: ಮೊದಲು ಹಾಕಿದವನ ತಾಯಿಯದು, ಬಿಗಿ.
ಅದರ ಮೇಲೆ ಮಿಷಿನ್ನಿನ ಕಂದು.
ಅದರ ಪಕ್ಕ ಹಾಸ್ಟೆಲ್ ಹುಡುಗನ ಬಿಳಿ, ಸೊಟ್ಟ ಸೊಟ್ಟ, ಗಂಟು ಹೊರಗೆ.
ಕೊರಳಲ್ಲಿ ಮೂರು ಹೆಸರು, ಮೂರು ಪೆನ್ನು,
ಒಂದನ್ನೂ ಹೊಡೆದು ಹಾಕಿಲ್ಲ.
ನಾಲ್ಕನೆಯದಕ್ಕೆ ಜಾಗ ಬಿಟ್ಟಿದೆ.

ನಮ್ಮ ಹಳೇ ಜೆರ್ಸಿಗಳು ಎಲ್ಲಿವೆ?
ನೆನಪಾಯಿತು. ಸಿಬ್ಗತ್ ಬೈಕು ಒರೆಸುತ್ತಾನೆ.

ಆ ರಾತ್ರಿ ಹೊಲಿದೆ. ಪೆಟ್ಟಿಗೆಯಲ್ಲಿ ಇದ್ದದ್ದು
ನಮ್ಮ ತಂಡದ ನೀಲಿ ದಾರ.
ಎರಡು ಸುತ್ತು ಸಾಕಿತ್ತು.
ನಾಲ್ಕು ಹಾಕಿದೆ, ಯಾಕೋ.

ಜನವರಿ, ನೆಹರೂ ಕ್ರೀಡಾಂಗಣ, ಕೊನೆಯ ರೈಡು.
ಹರಿಯಾಣದವನ ಹಿಮ್ಮಡಿ ಆ ಹುಡುಗನ ಕೈಯಲ್ಲಿ,
ಹುಡುಗನ ಹೆಗಲು ತಿಪ್ಪೇಶನ ಮುಷ್ಟಿಯಲ್ಲಿ,
ತಿಪ್ಪೇಶನ ಸೊಂಟಕ್ಕೆ ಉಳಿದವರು,
ಇಡೀ ಸರಪಳಿಯನ್ನೇ ಎಳೆದುಕೊಂಡು
ಗೆರೆಗೆ ಒಂದು ಗೇಣಿನವರೆಗೆ ಬಂದ ನಮ್ಮವನು.
ಊರೆಲ್ಲ ಅವನ ಬೆರಳ ತುದಿ ನೋಡುತ್ತಿತ್ತು.
ನಾನು ಹೆಗಲ ಹೊಲಿಗೆ ನೋಡುತ್ತಿದ್ದೆ.

ಬಿಡಲಿ ಅಂತ ಬೇಡಿದೆನೋ
ಬಿಡದಿರಲಿ ಅಂತ ಬೇಡಿದೆನೋ,
ಕಮಿಟಿಯ ಮುಂದೆ ಬಾಯಿ ಬಿಟ್ಟಿಲ್ಲ.

ಬಿಡಲಿಲ್ಲ.